ಟ್ರಾನ್ಸ್‌ಮಿಟರ್ ಆಮೇಲೆ, ಮಾತಾಡುವವರ ಕೂಲಿ ಮೊದಲು

ಓದುಗರ ಪತ್ರದ ಸಾರ: "ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ 2 ಲಕ್ಷ ರೂಪಾಯಿ ಒಟ್ಟು ಮಾಡಿದ್ದೇವೆ. ಮಂಗನ ಕಾಯಿಲೆಯ (ಕಾಡಿನ ಉಣುಗು ಕಚ್ಚಿ ಬರುವ ಜ್ವರದ) ಕಾಲ ಶುರುವಾಗುವುದರೊಳಗೆ ನಮ್ಮ ಸುತ್ತಲಿನ ಆದಿವಾಸಿ ಹಸಲರ ಕೇರಿಗಳಿಗೆ ರೇಡಿಯೊ ಮೂಲಕ ಸರಿಯಾದ ಮಾಹಿತಿ ಮುಟ್ಟಬೇಕೆಂಬುದು ನಮ್ಮ ಆಸೆ. ಹತ್ತಿರದಲ್ಲಿ ಸಂಸ್ಥೆಯೊಂದು ನಡೆಸುವ ಸಮುದಾಯ ರೇಡಿಯೊ ಇದೆ. ಕರೆಂಟು ಹೋದರೆ ಅದೂ ಹೋಗುತ್ತದೆ, ಗುಡ್ಡದಾಚೆಯ ಕೇರಿಗಳಿಗಂತೂ ಕೇಳಿಸುವುದೇ ಇಲ್ಲ. ಆ ಕೇಂದ್ರಕ್ಕೆ ದೊಡ್ಡ ಯಂತ್ರ ಕೊಡಿಸುವುದೋ, ಆನ್‌ಲೈನಿನಲ್ಲಿ ಸಿಗುವ ಸಣ್ಣ ಟ್ರಾನ್ಸ್‌ಮಿಟರ್ ತರಿಸಿ ನಾವೇ ಶುರು ಮಾಡುವುದೋ? ಎಂದಿನಿಂದ ಕೆಲಸ ಹಿಡಿಯಬೇಕು?" (ಶಿವಮೊಗ್ಗ ಜಿಲ್ಲೆಯ ಓದುಗರು, ಹೆಸರು ಬೇಡವೆಂದಿದ್ದಾರೆ.)

ಸಂಪಾದಕರ ಉತ್ತರ:

ಮಾನ್ಯರೆ,

ಆನ್‌ಲೈನಿನ ಟ್ರಾನ್ಸ್‌ಮಿಟರ್ ಖಂಡಿತ ಬೇಡ. ಪರವಾನಗಿ ಇಲ್ಲದೆ ಒಂದು ವ್ಯಾಟ್ ಪ್ರಸಾರ ಮಾಡಿದರೂ ಅಪರಾಧವೇ. ಯಂತ್ರ ಜಪ್ತಿಯಾಗುವುದು ಸಣ್ಣ ನಷ್ಟ. ಅದರಲ್ಲಿ ಮಾತಾಡಿದ ಕೇರಿಯ ಹೆಣ್ಣುಮಕ್ಕಳು ಠಾಣೆಯ ಮೆಟ್ಟಿಲು ಹತ್ತಬೇಕಾದರೆ ಆ ಕೇರಿ ಮುಂದೆಂದೂ ಮೈಕಿನ ಹತ್ತಿರ ಬರಲಾರದು. ಪರವಾನಗಿ ಸಿಗುವುದು ನೋಂದಣಿಯಾಗಿ 3 ವರ್ಷ ಕೆಲಸ ಮಾಡಿರುವ, ಲಾಭಕ್ಕಾಗಿ ನಡೆಯದ ಸಂಸ್ಥೆಗಳಿಗೆ ಮಾತ್ರ, ವ್ಯಕ್ತಿಗಳಿಗಾಗಲಿ ರಾಜಕೀಯ ಪಕ್ಷಗಳಿಗಾಗಲಿ ಇಲ್ಲ. ಕಡತ ಹಲವು ಇಲಾಖೆಗಳ ಒಪ್ಪಿಗೆ ಪಡೆದು ಬರಬೇಕಾದ್ದರಿಂದ ಈ ವರ್ಷದ ಕಾಯಿಲೆಗೆ ಅದು ಒದಗುವುದಿಲ್ಲ. ಈಗಿರುವ ಕೇಂದ್ರವನ್ನೇ ಗಟ್ಟಿ ಮಾಡುವುದು ನಿಮಗಿರುವ ದಾರಿ.

ದೊಡ್ಡ ಯಂತ್ರವೂ ಬೇಡ. ಸಮುದಾಯ ರೇಡಿಯೊಗೆ ಸಾಮಾನ್ಯವಾಗಿ ಸಿಗುವ ಅನುಮತಿ, ಆಂಟೆನಾದ ಬಲವೂ ಸೇರಿ, 100 ವ್ಯಾಟ್ ಪ್ರಸಾರ ಶಕ್ತಿಗೆ. ಆಂಟೆನಾ ನೆಲದಿಂದ 30 ಮೀಟರಿಗಿಂತ ಎತ್ತರ ಇರುವಂತಿಲ್ಲ. 50 ವ್ಯಾಟಿನ ಟ್ರಾನ್ಸ್‌ಮಿಟರಿಗೆ ಒಳ್ಳೆಯ ಆಂಟೆನಾ ಕೂಡಿಸಿದರೆ ಆ ಮಿತಿ ಮುಟ್ಟಿಯಾಯಿತು. ಅಲ್ಲಿಂದಾಚೆ ದುಡ್ಡು ಸುರಿದರೂ ಕಾನೂನು ಬಿಡುವುದಿಲ್ಲ, ಗುಡ್ಡವೂ ಬಿಡುವುದಿಲ್ಲ. ಎಫ್‌ಎಂ ಅಲೆ ನೇರ ದೃಷ್ಟಿಯ ಅಲೆ. ಬಯಲುಸೀಮೆಯಲ್ಲಿ 10 ಕಿಲೋಮೀಟರು ಸಲೀಸಾಗಿ ಹೋಗುವ ಅದೇ ಪ್ರಸಾರ, ನಮ್ಮಲ್ಲಿ 3 ಕಿಲೋಮೀಟರಿನಾಚೆಯ ಹೊಂಡದ ಮನೆಗೆ ಬರೀ ಸುಯ್ಯೆನ್ನುತ್ತದೆ, 9 ಕಿಲೋಮೀಟರಿನಾಚೆಯ ಏರಿನ ಮನೆಗೆ ಸ್ಪಷ್ಟವಾಗಿ ಕೇಳುತ್ತದೆ.

ಆದ್ದರಿಂದ ಮೊದಲ ಕೆಲಸ ಒಂದು ಕೇಳು-ನಕ್ಷೆ. ಎರಡು ಬೈಕು, ಎರಡು ಅಗ್ಗದ ರೇಡಿಯೊ ಸೆಟ್ಟು, ಒಂದು ಭಾನುವಾರ ಸಾಕು. ಪ್ರತಿ ಕೇರಿಯಲ್ಲೂ ಮೂರು ಕಡೆ, ಅಂದರೆ ಮನೆಯೊಳಗೆ, ಜಗುಲಿಯಲ್ಲಿ ಮತ್ತು ನೀರು ತರುವ ಜಾಗದಲ್ಲಿ ಸೆಟ್ಟು ಹಚ್ಚಿ, 'ಸ್ಪಷ್ಟ', 'ಕಷ್ಟ', 'ಇಲ್ಲ' ಎಂದು ಬರೆದುಕೊಳ್ಳಿ. ಎಲೆಯ ದಟ್ಟಣೆಯೂ ತೇವವೂ ಅಲೆಯನ್ನು ಒಂದಿಷ್ಟು ಕುಂದಿಸುತ್ತವೆ, ಹಾಗಾಗಿ ಮಳೆ ನಿಂತ ಮೇಲೆ ಇನ್ನೊಮ್ಮೆ ನೋಡಿ. 'ಇಲ್ಲ' ಎಂದು ಬಿದ್ದ ಕೇರಿಗಳಿಗೆ ಬೇರೆ ಉಪಾಯವಿದೆ, ಅದನ್ನು ಮುಂದೆ ಹೇಳುತ್ತೇವೆ.

ಹಾಗಾದರೆ 2 ಲಕ್ಷ ಎಲ್ಲಿಗೆ ಹೋಗಬೇಕು? ದೊಡ್ಡ ಪಾಲು ಮಾತಾಡುವವರ ಕೂಲಿಗೆ. ಬಿಕ್ಕಟ್ಟು ಬಂದಾಗಲೆಲ್ಲ ದಾನಿಗಳು ಯಂತ್ರ ಕೊಡುತ್ತಾರೆ, ಇಲಾಖೆ ಜಿಂಗಲ್ ಕೊಡುತ್ತದೆ. ಕೇರಿಯ ಹುಡುಗಿ ಒಂದು ದಿನದ ತೋಟದ ಕೆಲಸ ಬಿಟ್ಟು ಸ್ಟುಡಿಯೊಗೆ ಬಂದರೆ ಆ ದಿನದ ಕೂಲಿ ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ. ಆಕೆ ಎರಡು ಸಲ ಬರುತ್ತಾಳೆ, ಮೂರನೆಯ ಸಲ ಬರುವುದಿಲ್ಲ. ಆಮೇಲೆ ಪೇಟೆಯ ಕನ್ನಡದಲ್ಲಿ ಪೇಟೆಯವರೇ ಮಾತಾಡುತ್ತಾರೆ. ಆದಿವಾಸಿ ರೇಡಿಯೊಗಳು ಸೊರಗುವುದು ಇಲ್ಲೇ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಇಬ್ಬರನ್ನು ಆರಿಸಿ. ಒಬ್ಬರಾದರೂ ಹೆಂಗಸಾಗಿರಲಿ, ಇಬ್ಬರೂ ಕೇರಿಯವರೇ ಆಗಿರಲಿ. ತಿಂಗಳಿಗೆ 10 ದಿನ, ದಿನಕ್ಕೆ 500 ರೂಪಾಯಿಯಂತೆ ಇಬ್ಬರಿಗೆ ಡಿಸೆಂಬರಿನಿಂದ ಮೇವರೆಗೆ 6 ತಿಂಗಳಿಗೆ 60,000 ಆಯಿತು. ನಿಮ್ಮಲ್ಲಿ ಅಡಿಕೆ ಕೊಯ್ಲಿನ ಕೂಲಿ ಇದಕ್ಕಿಂತ ಹೆಚ್ಚಿದ್ದರೆ ಅದನ್ನೇ ಕೊಡಿ. ಬ್ಯಾಟರಿಗೆ 36,000, ಅರ್ತಿಂಗ್ ಮತ್ತು ಕೇಬಲ್ ದುರಸ್ತಿಗೆ 15,000, 25 ರೇಡಿಯೊ ಸೆಟ್ಟಿಗೆ 22,500, ಓಡಾಟದ ಪೆಟ್ರೋಲಿಗೆ 24,000, ಫೋನ್ ರೀಚಾರ್ಜಿಗೆ 6,000 ಇಟ್ಟುಕೊಳ್ಳಿ. ಒಟ್ಟು 1,63,500. ಉಳಿದ 36,500ನ್ನು ಮಾರ್ಚ್‌ವರೆಗೆ ಮುಟ್ಟಬೇಡಿ. ಕಾಯಿಲೆ ಏರುವುದು ಜನವರಿಯಿಂದ ಏಪ್ರಿಲ್‌ವರೆಗೆ. ದುಡ್ಡು ಖಾಲಿಯಾಗುವುದು ಸಾಮಾನ್ಯವಾಗಿ ಫೆಬ್ರುವರಿಯಲ್ಲಿ. ಇದೆಲ್ಲ ನಮ್ಮ ಅಂದಾಜು, ಕೊಳ್ಳುವ ದಿನದ ದರ ನೋಡಿ ಹೆಚ್ಚುಕಮ್ಮಿ ಮಾಡಿಕೊಳ್ಳಿ.

ಬ್ಯಾಟರಿಯ ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ. 50 ವ್ಯಾಟಿನ ಟ್ರಾನ್ಸ್‌ಮಿಟರು ಕರೆಂಟಿನಿಂದ ಎಳೆಯುವುದು 50 ಅಲ್ಲ, ಸುಮಾರು 120 ವ್ಯಾಟ್. ಮಿಕ್ಸರು, ಲ್ಯಾಪ್‌ಟಾಪು, ಒಂದು ದೀಪ ಸೇರಿದರೆ 200 ಎಂದಿಟ್ಟುಕೊಳ್ಳಿ. 4 ಗಂಟೆಯ ಪ್ರಸಾರಕ್ಕೆ 800 ವ್ಯಾಟ್-ಅವರ್ ಬೇಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ಇರುತ್ತದೆ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಅರ್ಧವೆಂದರೆ 900, ಇನ್ವರ್ಟರ್ ತಿನ್ನುವ ನೂರಕ್ಕೆ 15 ಕಳೆದರೆ 765. ಅಂದರೆ ಒಂದು ಬ್ಯಾಟರಿ 4 ಗಂಟೆಗೂ ಸ್ವಲ್ಪ ಕಡಿಮೆ. ಎರಡು ಬ್ಯಾಟರಿ, 24 ವೋಲ್ಟಿನ ಇನ್ವರ್ಟರು ಇದ್ದರೆ ಬೆಳಗಿನ ಮತ್ತು ರಾತ್ರಿಯ ಎರಡೂ ಪ್ರಸಾರ ದಾಟುತ್ತದೆ. ಈಗಿರುವ ಇನ್ವರ್ಟರು 12 ವೋಲ್ಟಿನದಾದರೆ ಎರಡನ್ನೂ ಸಮಾಂತರವಾಗಿ ಜೋಡಿಸಬೇಕು. ಹೊಸದರ ಜೊತೆ ಹಳೆಯದನ್ನು ಮಾತ್ರ ಎಂದೂ ಜೋಡಿಸಬೇಡಿ, ಹಳೆಯದು ಹೊಸದನ್ನೂ ಕೆಡಿಸುತ್ತದೆ. ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ. ಟರ್ಮಿನಲ್ಲಿನ ಹಸಿರು ಕಿಲುಬನ್ನು ಬಿಸಿನೀರಲ್ಲಿ ಒರೆಸಿ, ಒಣಗಿದ ಮೇಲೆ ವ್ಯಾಸಲಿನ್ ಹಚ್ಚಿ. ಸೌರ ಫಲಕ ಬೇಸಿಗೆಗೆ ಒಳ್ಳೆಯದೇ, ಆದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಮಲೆನಾಡಿನ ಮೋಡದಡಿಯಲ್ಲಿ ಅದನ್ನೊಂದನ್ನೇ ನಂಬಿ ಕೂರುವಂತಿಲ್ಲ.

ಎರಡನೆಯ ಶತ್ರು ನೀರು. ಆಂಟೆನಾದ ಕೇಬಲ್ ಕನೆಕ್ಟರಿಗೆ ಮಳೆನೀರು ಇಳಿದರೆ ಪ್ರಸಾರ ಒಮ್ಮೆಲೇ ನಿಲ್ಲುವುದಿಲ್ಲ. ಶಕ್ತಿ ಆಂಟೆನಾದಿಂದ ಹಿಂದಕ್ಕೆ ಬರುತ್ತದೆ, ಟ್ರಾನ್ಸ್‌ಮಿಟರು ತನ್ನನ್ನು ಕಾಪಾಡಿಕೊಳ್ಳಲು ತಾನೇ ಶಕ್ತಿ ಇಳಿಸುತ್ತದೆ. ಸ್ಟುಡಿಯೊದಲ್ಲಿ ಎಲ್ಲ ಸರಿಯಾಗಿ ಕೇಳುತ್ತಿರುತ್ತದೆ, 5 ಕಿಲೋಮೀಟರಿನಾಚೆ ಏನೂ ಇರುವುದಿಲ್ಲ. ಆದ್ದರಿಂದ ಟ್ರಾನ್ಸ್‌ಮಿಟರಿನ ಮುಖದಲ್ಲಿರುವ 'ರಿಫ್ಲೆಕ್ಟೆಡ್ ಪವರ್' ಅಂಕಿಯನ್ನು ದಿನಾ ಪ್ರಸಾರದ ಮೊದಲು ಗೋಡೆಯ ಹಾಳೆಯಲ್ಲಿ ಬರೆಯಿರಿ. ಎರಡು ವಾರದಲ್ಲಿ ಅದು ಏರುತ್ತ ಹೋದರೆ ಕನೆಕ್ಟರ್ ಬಿಚ್ಚಿ ನೋಡುವ ಹೊತ್ತು ಬಂದಿದೆ. ಒಣಗಿಸಿ, ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಮಾಮೂಲಿ ಕಪ್ಪು ಟೇಪು. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಒಂದು ಮೊಳದಷ್ಟು ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಂಟೆನಾ ಕಳಚಿಟ್ಟು ಟ್ರಾನ್ಸ್‌ಮಿಟರನ್ನು ಒಂದು ನಿಮಿಷವೂ ಹಚ್ಚಬಾರದು, ಅದರ ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಟ್ಟು ಹೋದೀತು.

ಸಿಡಿಲಿನ ವಿಷಯದಲ್ಲಿ ನಮ್ಮ ಮಣ್ಣೇ ತೊಡಕು. ಜಂಬಿಟ್ಟಿಗೆ ಕಲ್ಲಿನ ನೆಲ ಏಪ್ರಿಲ್ ಹೊತ್ತಿಗೆ ಒಣಗಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಗುಡುಗು ಸಿಡಿಲಿನ ಮಳೆ ಬರುವುದೂ ಅದೇ ಹೊತ್ತಿಗೆ. ಅರ್ತ್ ರೋಧ 5 ಓಮ್‌ಗಿಂತ ಕೆಳಗಿರಲಿ. ಎಲೆಕ್ಟ್ರಿಷಿಯನ್ನರಿಂದ ಮಾರ್ಚಿನಲ್ಲಿ ಅಳೆಸಿ, ಮಳೆಗಾಲದ ಅಳತೆ ಸುಳ್ಳು ಧೈರ್ಯ ಕೊಡುತ್ತದೆ. ಹೆಚ್ಚಿದ್ದರೆ ಇನ್ನೊಂದು ಗುಂಡಿ ತೋಡಿಸಿ ಎರಡನ್ನೂ ಪಟ್ಟಿಯಿಂದ ಬೆಸೆಸಿ. ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಆ ಗುಂಡಿಗೆ ಹೋಗಲಿ.

ಯಂತ್ರದ ಮಾತು ಇಷ್ಟು ಸಾಕು. ಏನು ಹೇಳಬೇಕು, ಯಾವ ಹೊತ್ತಿಗೆ ಹೇಳಬೇಕು ಎಂಬುದಕ್ಕೆ ಬರೋಣ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ, 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಎದ್ದಾಗ ಊರೂರೇ ನಡುಗಿದ್ದು ನಿಮಗೆ ನೆನಪಿರುತ್ತದೆ. ಮನುಷ್ಯರಿಗೆ ಇದನ್ನು ಹೆಚ್ಚಾಗಿ ದಾಟಿಸುವುದು ಮರಿ ಉಣುಗು, ಎಳ್ಳುಕಾಳಿನಷ್ಟೂ ಇಲ್ಲದ್ದು. ದನದ ಮೈಮೇಲಿನ ದೊಡ್ಡ ಉಣುಗನ್ನೇ ನೋಡಿ ರೂಢಿಯಾದವರಿಗೆ ಕಾಲಿಗೆ ಹತ್ತಿದ ಮರಿ ಕಣ್ಣಿಗೇ ಬೀಳುವುದಿಲ್ಲ. 'ಮೈಮೇಲೆ ಉಣುಗೇ ಇರಲಿಲ್ಲ, ಹಾಗಾಗಿ ಇದು ಬರೀ ಜ್ವರ' ಎಂದು ಮೂರು ದಿನ ಮನೆಯಲ್ಲೇ ಮಲಗುವುದು ಇದರಿಂದಲೇ. ಈ ಒಂದು ತಪ್ಪು ತಿಳಿವಳಿಕೆಯನ್ನು ರೇಡಿಯೊ ಬಿಡಿಸಿದರೆ ಜೀವ ಉಳಿಯುತ್ತದೆ.

ಇಲಾಖೆಯ ಪ್ರಕಟಣೆ ಹೀಗಿರುತ್ತದೆ: "ಸಾರ್ವಜನಿಕರು ಅರಣ್ಯ ಪ್ರದೇಶವನ್ನು ಪ್ರವೇಶಿಸುವ ಮುನ್ನ ಡೆಪಾ ತೈಲವನ್ನು ಲೇಪಿಸಿಕೊಳ್ಳತಕ್ಕದ್ದು." ಡೆಪಾ ಎಂದರೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ. ಇದರಲ್ಲಿ ತಪ್ಪಿಲ್ಲ, ಆದರೆ ಯಾರಿಗೂ ತಾಗುವುದಿಲ್ಲ. ಕಾಡಂಚಿನಲ್ಲೇ ಮನೆ ಕಟ್ಟಿಕೊಂಡವರು 'ಅರಣ್ಯ ಪ್ರವೇಶ' ಮಾಡುವುದಿಲ್ಲ, ದರಕಿಗೆ (ಉದುರಿದ ಒಣ ಎಲೆಗೆ) ಹೋಗುತ್ತಾರೆ, ಸೌದೆಗೆ ಹೋಗುತ್ತಾರೆ, ದನ ಹುಡುಕಿಕೊಂಡು ಹೋಗುತ್ತಾರೆ. ಅದೇ ಮಾತು ಹೀಗಾಗಬಹುದು:

"ಅಕ್ಕಾ, ದರಕಿಗೆ ಹೊರಟ್ರಾ? ಒಂದ್ಗಳಿಗೆ ನಿಂತ್ಕಳಿ. ಆಶಾ ಕೊಟ್ಟ ಎಣ್ಣೆ ಸೀಸೆ ಎಲ್ಲಿಟ್ರಿ? ಪಾದದಿಂದ ಮಂಡಿ ಮೇಲಿನ ತನಕ, ಕೈಗೆ, ಕುತ್ತಿಗೆಗೆ ಹಚ್ಕಳಿ. ಕಣ್ಣಿಗೆ, ಗಾಯಕ್ಕೆ ಬ್ಯಾಡ. ದರಕಿನ ಮೇಲೆ ಕೂರಬ್ಯಾಡಿ. ಮನಿಗೆ ಬಂದ ಕೂಡ್ಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತೊಳ್ಕಳಿ."

ಅರ್ಧ ನಿಮಿಷದ ಮಾತು. ಇದರಲ್ಲಿ ಲಕ್ಷಣವನ್ನೂ ತುರುಕಬೇಡಿ, ಅದಕ್ಕೆ ಬೇರೆಯೇ ಅರ್ಧ ನಿಮಿಷ ಇರಲಿ: ಒಮ್ಮೆಲೇ ಏರುವ ಜ್ವರ, ತಲೆನೋವು, ಸೊಂಟ-ಮಾಂಸಖಂಡಗಳ ತಡೆಯಲಾರದ ನೋವು, ವಾಂತಿ, ಕೆಲವರಿಗೆ ಒಸಡು, ಮೂಗಿನಿಂದ ರಕ್ತ. ಉಣುಗು ಕಚ್ಚಿ ಸುಮಾರು 3ರಿಂದ 8 ದಿನದೊಳಗೆ ಶುರುವಾಗುತ್ತದೆ. ನೋವಿಗೆ ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥ ಮಾತ್ರೆ-ಇಂಜೆಕ್ಷನ್ ಬೇಡ, ರಕ್ತಸ್ರಾವ ಹೆಚ್ಚೀತು. ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆಗೆ ರಕ್ತ ಕೊಡಿ ಎಂದು ಹೇಳಬೇಕು. ಜ್ವರ ಬಿಟ್ಟ ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಬರುತ್ತದೆ, ಆಗ ಮಂಪರು, ನಡುಕ, ಕಣ್ಣು ಮಂಜಾಗುವುದು ಕಾಣಬಹುದು. ಇದನ್ನೂ ಹೇಳದಿದ್ದರೆ 'ವಾಸಿಯಾಯ್ತಲ್ಲ' ಎಂದು ಸುಮ್ಮನಾಗುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ ಎಂಬ ಮಾತನ್ನು ದಿನಾ ಹೇಳಿ. ಇಲ್ಲದಿದ್ದರೆ ಕಾಯಿಲೆ ಬಂದ ಕೇರಿಯವರನ್ನು ತೋಟದ ಕೆಲಸಕ್ಕೆ ಕರೆಯುವುದೇ ನಿಂತೀತು. ಅದೇ ಕಾರಣಕ್ಕೆ ರೋಗಿಯ ಹೆಸರಷ್ಟೇ ಅಲ್ಲ, ಕೇರಿಯ ಹೆಸರೂ ಪ್ರಸಾರದಲ್ಲಿ ಬರಕೂಡದು.

ಸತ್ತ ಮಂಗ ಕಂಡರೆ ಮುಟ್ಟಬಾರದು, ಆ ಜಾಗದ ದರಕು ತರಬಾರದು, ಆಶಾ ಅವರಿಗೋ ಪಂಚಾಯಿತಿಗೋ ಕೂಡಲೇ ತಿಳಿಸಬೇಕು. ಸುತ್ತಲಿನ ಜಾಗಕ್ಕೆ ಔಷಧಿ ಪುಡಿ ಹೊಡೆಯುವುದು ಇಲಾಖೆಯ ಕ್ರಮ. ಜನ ತಿಳಿಸದೆ ಇರುವುದಕ್ಕೆ ಅಸಡ್ಡೆಗಿಂತ ಭಯ ಕಾರಣ: ಕಾಡಿಗೆ ಹೋಗಿದ್ದಕ್ಕೆ ಕೇಸು ಹಾಕಿಯಾರು ಎಂಬ ಅಳುಕು. ಅರಣ್ಯ ಇಲಾಖೆಯವರ ಬಾಯಿಂದಲೇ, ಅವರ ಧ್ವನಿಯಲ್ಲೇ, 'ತಿಳಿಸಿದವರ ಮೇಲೆ ಕ್ರಮವಿಲ್ಲ' ಎಂದು ಹೇಳಿಸಿ ದಾಖಲಿಸಿಕೊಂಡರೆ ಹತ್ತು ಜಿಂಗಲ್ಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೊತ್ತಿನ ವಿಷಯ. ಬೆಳಿಗ್ಗೆ 6ರಿಂದ 7.30, ಕೆಲಸಕ್ಕೆ ಹೊರಡುವ ಮೊದಲು, ಎಣ್ಣೆಯ ಮಾತಿಗೆ. ಇದಕ್ಕಿಂತ ದೊಡ್ಡ ಅವಕಾಶ ರಾತ್ರಿಯದು. ಅಡಿಕೆ ಸುಲಿಯುವ ಕಾಲವೂ ಉಣುಗು ಏಳುವ ಕಾಲವೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತವೆ. ಸಂಜೆ 7ರಿಂದ 10ರವರೆಗೆ ಚಪ್ಪರದಡಿ ಇಪ್ಪತ್ತು ಜನ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವಿದೆ. ನೀವು ಕೊಡುವ 25 ಸೆಟ್ಟುಗಳಲ್ಲಿ ಐದಾರನ್ನಾದರೂ ಈ ಚಪ್ಪರಗಳಿಗೆ ಇಡಿ. ಸ್ಪೀಕರ್ ಇರುವ ಸೆಟ್ಟೇ ಬೇಕು. ಮೊಬೈಲಿನ ಎಫ್‌ಎಂಗೆ ಇಯರ್‌ಫೋನ್ ತಂತಿಯೇ ಆಂಟೆನಾ, ಒಬ್ಬರು ಮಾತ್ರ ಕೇಳುತ್ತಾರೆ, ಚರ್ಚೆ ಹುಟ್ಟುವುದಿಲ್ಲ. ಚರ್ಚೆ ಹುಟ್ಟದಿದ್ದರೆ ಪ್ರಶ್ನೆಯೂ ಹುಟ್ಟುವುದಿಲ್ಲ.

ಪ್ರಶ್ನೆಗೆಂದೇ ಒಂದು ನೋಟುಬುಕ್ ಇಡಿ. ತಾರೀಖು, ಯಾವ ದಿಕ್ಕಿನ ಕೇರಿ, ಪ್ರಶ್ನೆ ಅವರದೇ ಮಾತಿನಲ್ಲಿ, ಯಾರು ಉತ್ತರಿಸಿದರು, ಎಂದು ಪ್ರಸಾರವಾಯಿತು, ಇಷ್ಟು ಕಲಂ. 48 ಗಂಟೆಯೊಳಗೆ ಉತ್ತರ ಗಾಳಿಯಲ್ಲಿ ಇರಬೇಕು. ತಡವಾದರೆ ಆ ಜಾಗಕ್ಕೆ ವಾಟ್ಸ್‌ಆ್ಯಪಿನ ಗಾಳಿಸುದ್ದಿ ಬಂದು ಕೂರುತ್ತದೆ. ಉತ್ತರವನ್ನು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಓದಿ ಸಹಿ ಮಾಡಲಿ. ಇದು ಕಾನೂನಿನ ರಕ್ಷಣೆಯೂ ಹೌದು. ಸಮುದಾಯ ರೇಡಿಯೊ ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು ಅಷ್ಟೆ. ಆದರೆ ಸ್ಥಳೀಯ ಆಡಳಿತ ಕೊಟ್ಟ ಆರೋಗ್ಯ ಎಚ್ಚರಿಕೆ, ಕರೆಂಟು-ನೀರಿನ ಮಾಹಿತಿ, ಹವಾಮಾನ, ಪ್ರಕೃತಿ ವಿಕೋಪದ ಮಾಹಿತಿಗಳನ್ನು ನಿಯಮವೇ ಸುದ್ದಿಯೆಂದು ಎಣಿಸುವುದಿಲ್ಲ. ಸಹಿಯಾದ ಹಾಳೆ ಕಡತದಲ್ಲಿದ್ದರೆ ಕೇಂದ್ರಕ್ಕೆ ಯಾವ ಭಯವೂ ಇಲ್ಲ. ಎಲ್ಲ ಪ್ರಸಾರದ ಧ್ವನಿಮುದ್ರಣವನ್ನು 3 ತಿಂಗಳು ಇಟ್ಟುಕೊಳ್ಳುವುದೂ ಕಡ್ಡಾಯ.

ಪ್ರತಿ ಧ್ವನಿಕಡತದ ಹೆಸರಲ್ಲೇ ತಯಾರಾದ ದಿನ ಮತ್ತು ನಿಲ್ಲಿಸಬೇಕಾದ ದಿನ ಬರೆಯಿರಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು, ಹೊಸದರ ಕೆಲಸ ನಡೆದಿದೆ. 'ಲಸಿಕೆ ಹಾಕಿಸಿಕೊಳ್ಳಿ' ಎನ್ನುವ ಹಳೆಯ ಕಡತ ತಪ್ಪಿ ಹಾಕಿಬಿಟ್ಟರೆ ಹತ್ತು ಮೈಲಿ ನಡೆದು ಬಂದವರು ಬರಿಗೈಲಿ ಹಿಂದಿರುಗುತ್ತಾರೆ, ನಾಳೆ ಎಣ್ಣೆಯ ಮಾತನ್ನೂ ನಂಬುವುದಿಲ್ಲ.

ಧ್ವನಿಮುದ್ರಣಕ್ಕೆ ಸ್ಟುಡಿಯೊ ಬೇಕೇಬೇಕೆಂದಿಲ್ಲ. ಒಳ್ಳೆಯ ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಹಿಡಿದರೆ 'ಪ', 'ಬ' ಅಕ್ಷರಗಳು ಗುದ್ದುತ್ತವೆ. ಹೆಂಚಿನ ಮೇಲೆ ಮಳೆ ಬೀಳುವಾಗ ಬೇಡ. ಸುತ್ತ ಎರಡು ಕಂಬಳಿ ಇಳಿಬಿಟ್ಟರೆ ಗೋಡೆಯ ಮಾರ್ದನಿ ಹೋಗುತ್ತದೆ. ಮೂಲ ಕಡತ ಹಾಗೇ ಇರಲಿ; ಕಳಿಸುವುದಕ್ಕೆ 64 ಕೆಬಿಪಿಎಸ್ ಮೊನೊ ಎಂಪಿ3 ಸಾಕು. ನಿಮಿಷಕ್ಕೆ ಅರ್ಧ ಎಂಬಿಯೂ ಆಗುವುದಿಲ್ಲ, ಸಿಗ್ನಲ್ ಒಂದು ಕಡ್ಡಿ ಇರುವ ದಿಬ್ಬದಿಂದಲೂ ಹೋಗುತ್ತದೆ.

ಇನ್ನು 'ಇಲ್ಲ' ಎಂದು ಬಿದ್ದ ಕೇರಿಗಳು. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ತಂತಿಯಲ್ಲೇ ಮನೆಮನೆಗೆ ಧ್ವನಿ ಮುಟ್ಟಿಸಿತ್ತು. ಛತ್ತೀಸಗಢದ 'ಸಿಜಿನೆಟ್ ಸ್ವರ' 2010ರಿಂದ ಸಾದಾ ಫೋನಿನಲ್ಲೇ ಗೋಂಡಿ ಭಾಷಿಕರ ಮಾತನ್ನು ದಾಖಲಿಸಿ ಕೇಳಿಸಿತು. ನಿಮಗೆ ಇನ್ನೂ ಸುಲಭದ ದಾರಿ ನ್ಯಾಯಬೆಲೆ ಅಂಗಡಿ. ಪಡಿತರ ಕೊಡುವ ದಿನ ಕೇರಿಯವರೆಲ್ಲ ಸರದಿಯಲ್ಲಿ ನಿಂತಿರುತ್ತಾರೆ. ವಾರದ ಕಾರ್ಯಕ್ರಮವನ್ನು ಪೆನ್‌ಡ್ರೈವಿಗೆ ಹಾಕಿ, ಬ್ಯಾಟರಿ ಸ್ಪೀಕರಿನಲ್ಲಿ 20 ನಿಮಿಷ ಕೇಳಿಸಿ, ಅಲ್ಲೇ ಪ್ರಶ್ನೆ ಬರೆದುಕೊಳ್ಳಿ. ಧ್ವನಿವರ್ಧಕಕ್ಕೆ ಠಾಣೆಯ ಅನುಮತಿ ಮೊದಲೇ ಪಡೆಯಿರಿ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಕೊರೊನಾ ಕಾಲದಲ್ಲಿ ಗ್ವಾಟೆಮಾಲಾ, ಮೆಕ್ಸಿಕೊಗಳ ಮೂಲನಿವಾಸಿ ರೇಡಿಯೊಗಳು ಮಾಯಾ ಮುಂತಾದ ತಮ್ಮ ಮಾತುಗಳಲ್ಲೇ ಎಚ್ಚರಿಕೆ ಹೇಳಿದವು. ಗ್ವಾಟೆಮಾಲಾದಲ್ಲಿ ಅಂಥ ಕೇಂದ್ರಗಳಿಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ, ದಾಳಿ ಮಾಡಿ ಯಂತ್ರ ಎತ್ತಿಕೊಂಡು ಹೋದದ್ದೂ ಇದೆ. 2021ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ನಮ್ಮ ಪಕ್ಕದಲ್ಲೇ ಸರಗೂರಿನ 'ಜನಧ್ವನಿ', ವಯನಾಡಿನ 'ರೇಡಿಯೊ ಮಾಟ್ಟೊಲಿ' ಆದಿವಾಸಿ ಕೇರಿಗಳ ನಡುವೆ ಕೆಲಸ ಮಾಡುತ್ತಿವೆ. ನಿಮ್ಮಲ್ಲಿ ಆರಿಸಿದ ಇಬ್ಬರನ್ನು ಅಂಥ ಕೇಂದ್ರವೊಂದರಲ್ಲಿ ಎರಡು ದಿನ ಕೂರಿಸಿ ಬನ್ನಿ, ಅದರ ಖರ್ಚನ್ನು ಓಡಾಟದ ಹಣದಲ್ಲೇ ಹೊಂದಿಸಬಹುದು.

ಮುಂದಿನ ವರ್ಷದ ದುಡ್ಡನ್ನು ನಿಮ್ಮ ಜೇಬಿನಿಂದಲೇ ಹಾಕಬೇಕಾಗಿಲ್ಲ. 2024ರ ಹೊಸ ಮಾರ್ಗಸೂಚಿಯಂತೆ ಸಮುದಾಯ ರೇಡಿಯೊ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, 10 ಸೆಕೆಂಡಿಗೆ ದರ 74 ರೂಪಾಯಿ. ಅರ್ಧ ನಿಮಿಷದ ಪ್ರಕಟಣೆಗೆ 222. ದಿನಕ್ಕೆ 6 ಸಲದಂತೆ ತಿಂಗಳಿಗೆ 39,960. ಇಲಾಖೆಗಳು ಪತ್ರಿಕೆಗೆ, ಟಿವಿಗೆ ದುಡ್ಡು ಕೊಟ್ಟು ರೇಡಿಯೊಗೆ ಮಾತ್ರ 'ಸಮಾಜಸೇವೆ' ಎನ್ನುವುದು ಸರಿಯಲ್ಲ. ಕೇಂದ್ರದ ಲೆಟರ್‌ಹೆಡ್ಡಿನಲ್ಲಿ, ಈ ಲೆಕ್ಕ ಹಾಕಿ, ಕೇಳು-ನಕ್ಷೆಯನ್ನೂ ಪ್ರಶ್ನೆ ಪುಸ್ತಕದ ನಕಲನ್ನೂ ಲಗತ್ತಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಅರ್ಜಿ ಕೊಡಿಸಿ.

ಎಂದಿನಿಂದ ಎಂದು ಕೇಳಿದ್ದೀರಿ. ನಕ್ಷೆ ನವರಾತ್ರಿಯ ರಜೆಯಲ್ಲಿ, ಕೂಲಿಯ ಮಾತುಕತೆ ದೀಪಾವಳಿಗೆ ಮೊದಲು. ಕೊಯ್ಲು ಶುರುವಾದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ. ಬ್ಯಾಟರಿ ನವೆಂಬರಿನಲ್ಲಿ ಕೊಂಡರೆ ಸಾಕು, ಆದರೆ ಅದರ ಮೇಲೆ ಒತ್ತಿರುವ ತಯಾರಿಕೆಯ ತಿಂಗಳು ನೋಡಿ. ಆರು ತಿಂಗಳು ಗೋದಾಮಿನಲ್ಲಿ ಚಾರ್ಜ್ ಇಲ್ಲದೆ ಕೂತದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡಿ.

— ಸಂ.